ಗ್ರಾಫ್ ಡೇಟಾಬೇಸ್: ಯಾರಿಗೆ ಏನು ಕಾಣಬೇಕು, ಪ್ರತಿ ಎಲ್ಲಿರಬೇಕು

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕಿನ ತೊಗರಿ ಬೆಳೆಗಾರರು ಸೇರಿ ಕಟ್ಟಿಕೊಂಡ ಉತ್ಪಾದಕರ ಸಂಸ್ಥೆ. ಯಾವ ರೈತರ ಯಾವ ಸರ್ವೆ ನಂಬರಿಗೆ ಯಾವ ಬೀಜದ ಲಾಟ್ ಹೋಯಿತು, ಅಲ್ಲಿಂದ ಬಂದ ಚೀಲಗಳು ಯಾವ ಗೋದಾಮಿನಲ್ಲಿವೆ, ಯಾವ ದಾಲ್‌ಮಿಲ್‌ಗೆ ಹೋದವು, ಯಾರ ಮೇಲೆ ಎಷ್ಟು ಮುಂಗಡ ಸಾಲವಿದೆ ಎಂಬುದನ್ನೆಲ್ಲ ಎರಡು ವರ್ಷಗಳಿಂದ ನಿಯೋ4ಜೆ ಎಂಬ ಗ್ರಾಫ್ ಡೇಟಾಬೇಸಿನ ಉಚಿತ ಕಮ್ಯುನಿಟಿ ಆವೃತ್ತಿಯಲ್ಲಿ ಇಟ್ಟಿದ್ದೇವೆ. ಕಚೇರಿಯ ಐದೂ ಜನ ಒಂದೇ ಪಾಸ್‌ವರ್ಡ್ ಬಳಸುತ್ತೇವೆ. ಸಾಲದ ಮೊತ್ತ ಗೋದಾಮಿನ ಗುಮಾಸ್ತರಿಗೆ ಕಾಣಬಾರದು ಎಂದು ಆಡಳಿತ ಮಂಡಳಿ ಈಗ ಹೇಳಿದೆ. ಇದಕ್ಕೆ ಎಂಟರ್‌ಪ್ರೈಸ್ ಆವೃತ್ತಿಯನ್ನೇ ಕೊಳ್ಳಬೇಕೆ? ಬ್ಯಾಕಪ್ ಎಂದು ಪ್ರತಿದಿನ ಸಂಜೆ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಿದ್ದೇವೆ. ಅಷ್ಟು ಸಾಕೆ?

ಉತ್ತರ: ನೀವು ಕೇಳಿರುವ ಎರಡು ಪ್ರಶ್ನೆಗಳನ್ನು ನಾನು ಒಂದಾಗಿಯೇ ಓದಿಕೊಂಡೆ. ಯಾರಿಗೆ ಏನು ಕಾಣಬೇಕು ಎಂಬ ಕಟ್ಟುಪಾಡನ್ನು ಡೇಟಾಬೇಸಿನೊಳಗೆ ಎಷ್ಟೇ ಬಿಗಿಯಾಗಿ ಮಾಡಿದರೂ ಅದರ ಬ್ಯಾಕಪ್ ಕಡತ ಆ ಕಟ್ಟುಪಾಡಿಗೆ ಒಳಪಟ್ಟಿರುವುದಿಲ್ಲ. ಗುಮಾಸ್ತರಿಗೆ ಕಾಣದಂತೆ ಮುಚ್ಚಿಟ್ಟ ಸಾಲದ ಮೊತ್ತ ಆ ಕಡತದಲ್ಲಿ ಬಯಲಾಗಿಯೇ ಇರುತ್ತದೆ. ಅದು ಯಾರ ಕೈಗೆ ಸಿಕ್ಕರೂ ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ನಿಯೋ4ಜೆಯನ್ನು ಉಚಿತವಾಗಿ ಹಾಕಿಕೊಂಡು, ತಮಗೆ ತಾವೇ ಒಂದು ಪಾಸ್‌ವರ್ಡ್ ಕೊಟ್ಟುಕೊಂಡು, ಒಳಗಿರುವುದನ್ನೆಲ್ಲ ಸ್ವಲ್ಪ ಹೊತ್ತಿನಲ್ಲೇ ನೋಡಿಬಿಡಬಹುದು. ನಿಮ್ಮ ಕಚೇರಿಯ ಪಾಸ್‌ವರ್ಡ್ ಅಲ್ಲಿ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲ. ಹೀಗಾಗಿ ಈ ಹೊತ್ತಿಗೆ ನಿಮ್ಮ ಸಂಸ್ಥೆಯಲ್ಲಿ ಎಲ್ಲರಿಗಿಂತ ದೊಡ್ಡ ಹಕ್ಕು ಇರುವುದು ಸಂಜೆ ಆ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುವವರಿಗೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಕಚೇರಿಯ ಡೇಟಾಬೇಸ್ ನನ್ನ ಜವಾಬ್ದಾರಿಯಲ್ಲಿತ್ತು. ಕಾಲೇಜಿನ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಾಜೆಕ್ಟ್‌ಗೆ ಮಾದರಿ ಡೇಟಾ ಬೇಕೆಂದು ಕೇಳಿದಾಗ, ಒಳಗೆ ಹಕ್ಕುಗಳನ್ನೆಲ್ಲ ಸರಿಯಾಗಿ ಹಂಚಿದ್ದೇನೆ ಎಂಬ ಧೈರ್ಯದಲ್ಲಿ ಹಿಂದಿನ ರಾತ್ರಿಯ ಡಂಪ್ ಕಡತವನ್ನೇ, ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿಯನ್ನೇ, ಕೊಟ್ಟುಬಿಟ್ಟೆ. ಎರಡು ದಿನಗಳ ನಂತರ ಅವರೇ ಫೋನ್ ಮಾಡಿ, ‘ಸರ್, ಇದರಲ್ಲಿ ಜನರ ಬ್ಯಾಂಕ್ ಖಾತೆ ಸಂಖ್ಯೆ ಕಾಣುತ್ತಿವೆ, ಇದು ನನ್ನ ಹತ್ತಿರ ಇರಬಹುದೆ’ ಎಂದು ಕೇಳಿದರು. ಆ ಹುಡುಗ ಪ್ರಾಮಾಣಿಕನಾಗಿದ್ದರಿಂದ ವಿಷಯ ಅಲ್ಲಿಗೆ ನಿಂತಿತು. ಅಂದಿನಿಂದ ಹಕ್ಕುಗಳ ಪಟ್ಟಿ ಬರೆಯುವಾಗಲೆಲ್ಲ ಬ್ಯಾಕಪ್ ಯಾರ ಕೈಯಲ್ಲಿದೆ ಎಂಬುದನ್ನೇ ಮೊದಲ ಸಾಲಾಗಿ ಬರೆಯುತ್ತೇನೆ.

ಮೊದಲು ತುರ್ತಿನ ಮಾತು. ಡೇಟಾಬೇಸ್ ಓಡುತ್ತಿರುವಾಗ ಅದರ ಡೇಟಾ ಫೋಲ್ಡರನ್ನು ಕಾಪಿ ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ. ನಿಯೋ4ಜೆ ನೋಡ್‌ಗಳನ್ನು, ಅಂದರೆ ರೈತ, ಹೊಲ, ಚೀಲ ಇಂಥ ಒಂದೊಂದರ ದಾಖಲೆಯನ್ನು, ಒಂದು ಕಡತದಲ್ಲಿ, ಅವುಗಳ ನಡುವಿನ ಸಂಬಂಧಗಳನ್ನು ಇನ್ನೊಂದರಲ್ಲಿ, ಅವುಗಳೊಳಗಿನ ವಿವರಗಳನ್ನು ಮತ್ತೊಂದರಲ್ಲಿ ಇಡುತ್ತದೆ. ಒಂದು ನೋಡ್‌ಗೆ ಸೇರಿದ ಸಂಬಂಧಗಳು ಸರಪಳಿಯ ಕೊಂಡಿಗಳಂತೆ, ಪ್ರತಿಯೊಂದೂ ಮುಂದಿನದು ಎಲ್ಲಿದೆ ಎಂಬ ಗುರುತನ್ನು ಹಿಡಿದುಕೊಂಡಿರುತ್ತವೆ. ಇದಲ್ಲದೆ ಈಗಷ್ಟೇ ಬರೆದ ಬದಲಾವಣೆಗಳು ಸ್ವಲ್ಪ ಹೊತ್ತು ಮೆಮೊರಿಯಲ್ಲೂ, ಪ್ರತಿ ಬದಲಾವಣೆಯನ್ನು ಬರೆದಿಡುವ ವಹಿವಾಟಿನ ಲಾಗ್‌ನಲ್ಲೂ ಇದ್ದು ಆಮೇಲೆ ಮೂಲ ಕಡತಗಳಿಗೆ ಇಳಿಯುತ್ತವೆ. ನಿಮ್ಮ ಕಂಪ್ಯೂಟರ್ ಕಡತಗಳನ್ನು ಒಂದಾದ ಮೇಲೊಂದರಂತೆ ಕಾಪಿ ಮಾಡುತ್ತದೆ. ನೋಡ್‌ಗಳ ಕಡತ ಮುಗಿದು ಸಂಬಂಧಗಳ ಕಡತ ಶುರುವಾಗುವಷ್ಟರಲ್ಲಿ ಗೋದಾಮಿನಲ್ಲಿ ಯಾರೋ ಹೊಸ ಚೀಲಗಳನ್ನು ದಾಖಲಿಸಿದ್ದರೆ, ಪ್ರತಿಯಲ್ಲಿ ಸಂಬಂಧ ಇರುತ್ತದೆ, ಅದು ಬೆರಳು ಮಾಡಿ ತೋರಿಸುವ ಚೀಲ ಇರುವುದಿಲ್ಲ. ಇಂಥ ಪ್ರತಿ ಕೆಲವೊಮ್ಮೆ ತೆರೆದುಕೊಳ್ಳುವುದೇ ಇಲ್ಲ. ತೆರೆದುಕೊಂಡರೆ ಇನ್ನೂ ಕಷ್ಟ. ಏಕೆಂದರೆ ಎಲ್ಲ ಸರಿಯಿದೆ ಎಂದು ನಂಬಿ ತಿಂಗಳುಗಟ್ಟಲೆ ಅದರ ಮೇಲೆಯೇ ಕೆಲಸ ಮಾಡಿದ ಮೇಲೆ, ಯಾವುದೋ ಒಬ್ಬ ರೈತರ ಲೆಕ್ಕ ತೆಗೆಯುವಾಗ ಸರಪಳಿ ನಡುವೆ ಕಡಿದಿರುವುದು ಗೊತ್ತಾಗುತ್ತದೆ. ಸರಿಯಾದ ವಿಧಾನವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅದನ್ನು ಅಳವಡಿಸುವವರೆಗೆ ಕಡೇಪಕ್ಷ ನಿಯೋ4ಜೆಯ ಸೇವೆಯನ್ನು ಪೂರ್ತಿ ನಿಲ್ಲಿಸಿ, ಅದು ನಿಂತಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕಾಪಿ ಮಾಡಿ.

ಇನ್ನು ಹಕ್ಕುಗಳ ವಿಷಯ. ‘ಸಾಲದ ಮೊತ್ತ ಕಾಣಬಾರದು’ ಎಂದು ನಿಮ್ಮ ಆಡಳಿತ ಮಂಡಳಿ ಹೇಳಿರುವುದು ಕೋಷ್ಟಕದ ಲೆಕ್ಕದಲ್ಲಿ ಯೋಚಿಸಿದ ಮಾತು. ಎಕ್ಸೆಲ್ ಹಾಳೆಯಲ್ಲಾದರೆ ಮೊತ್ತದ ಕಾಲಂ ಮುಚ್ಚಿದರೆ ಹೆಚ್ಚುಕಡಿಮೆ ಕೆಲಸ ಮುಗಿಯುತ್ತದೆ. ಗ್ರಾಫ್‌ನಲ್ಲಿ ಹಾಗಲ್ಲ, ಇಲ್ಲಿ ನಂಟೇ ಒಂದು ಮಾಹಿತಿ. ರೈತರ ನೋಡ್‌ನಿಂದ ‘ಮುಂಗಡ ಪಡೆದರು’ ಎಂಬ ಗೆರೆ ಹೊರಟಿದೆ ಎಂಬುದು ಕಂಡರೆ ಸಾಕು, ಮೊತ್ತ ಕಾಣದಿದ್ದರೂ ಆ ರೈತರು ಸಾಲದಲ್ಲಿದ್ದಾರೆ ಎಂಬುದು ತಿಳಿದುಹೋಯಿತು. ಅಂಥ ಗೆರೆಗಳು ಮೂರಿದ್ದರೆ ಮೂರು ಸಲ ಪಡೆದಿದ್ದಾರೆ ಎಂದೂ ತಿಳಿಯಿತು. ನಮ್ಮ ಭಾಗದಲ್ಲಿ ಈ ತಿಳಿವಳಿಕೆಗೆ ಬೆಲೆ ಇದೆ: ರಾಶಿ ಮುಗಿದ ಮೇಲೆ ಯಾರು ತುರ್ತಾಗಿ ಮಾರಲೇಬೇಕು, ಯಾರು ದರ ಏರುವವರೆಗೆ ತಡೆದು ಕೂರಬಲ್ಲರು ಎಂಬುದು ಅಡತಿ ಅಂಗಡಿಗೆ ಮೊದಲೇ ಗೊತ್ತಾದರೆ ಚೌಕಾಶಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ನೀವು ಮುಚ್ಚಬೇಕಾದದ್ದು ಮೊತ್ತವೊಂದನ್ನೇ ಅಲ್ಲ, ಆ ಸಂಬಂಧವನ್ನೂ ಮುಚ್ಚಬೇಕು. ಮಂಡಳಿಯ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿ ತೀರ್ಮಾನವನ್ನು ತಿದ್ದಿಸಿಕೊಳ್ಳಿ ಎಂದು ನನ್ನ ಒತ್ತಾಯ.

ನಿಯೋ4ಜೆಯ ಎಂಟರ್‌ಪ್ರೈಸ್ ಆವೃತ್ತಿ ಈ ಭೇದವನ್ನು ಚೆನ್ನಾಗಿ ಬಲ್ಲದು. ಅಲ್ಲಿ ‘ಟ್ರಾವರ್ಸ್’ ಎಂಬ ಹಕ್ಕು ಬೇರೆ, ‘ರೀಡ್’ ಎಂಬ ಹಕ್ಕು ಬೇರೆ. ಒಂದು ನೋಡ್ ಇದೆ, ಒಂದು ಸಂಬಂಧ ಇದೆ ಎಂದು ಕಾಣುವುದು, ಅದರ ಮೂಲಕ ದಾಟಿಹೋಗುವುದು ಟ್ರಾವರ್ಸ್. ಅದರೊಳಗೆ ಬರೆದಿರುವ ವಿವರವನ್ನು ಓದುವುದು ರೀಡ್. ಎರಡನ್ನೂ ಸೇರಿಸಿ ಕೊಡುವುದಕ್ಕೆ ‘ಮ್ಯಾಚ್’ ಎಂಬ ಒಂದೇ ಹಕ್ಕಿದೆ. ಗುಮಾಸ್ತರ ಪಾತ್ರಕ್ಕೆ, ಅಂದರೆ ಅವರ ಕೆಲಸಕ್ಕೆಂದು ಮಾಡಿದ ಹಕ್ಕುಗಳ ಗುಂಪಿಗೆ, ರೈತ, ಹೊಲ, ಚೀಲ, ಗೋದಾಮು ಎಂದು ನೋಡ್‌ನ ಬಗೆಯನ್ನು ಹೇಳುವ ಲೇಬಲ್‌ಗಳ ಮೇಲೆ ಮ್ಯಾಚ್ ಕೊಟ್ಟು, ಸಾಲದ ಸಂಬಂಧದ ಮೇಲೆ ಟ್ರಾವರ್ಸನ್ನೇ ಕೊಡದಿದ್ದರೆ, ಅವರ ಮಟ್ಟಿಗೆ ಆ ಸಂಬಂಧ ಗ್ರಾಫ್‌ನಲ್ಲಿ ಇಲ್ಲವೇ ಇಲ್ಲ. ಹಕ್ಕು ಕೊಡುವ ಆಜ್ಞೆ ‘ಗ್ರಾಂಟ್’, ಕಡ್ಡಾಯವಾಗಿ ನಿರಾಕರಿಸುವ ಆಜ್ಞೆ ‘ಡಿನೈ’, ಮೊದಲು ಹೊರಡಿಸಿದ ಆಜ್ಞೆಯನ್ನು ಹಿಂಪಡೆಯುವುದು ‘ರಿವೋಕ್’. ಗ್ರಾಂಟ್ ಮತ್ತು ಡಿನೈ ಎರಡೂ ಒಬ್ಬರ ಮೇಲೆ ಬಿದ್ದರೆ ಗೆಲ್ಲುವುದು ಡಿನೈ. ಕೊಡದೇ ಇರುವುದಕ್ಕೂ ನಿರಾಕರಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಕೊಡದೆ ಬಿಟ್ಟ ಹಕ್ಕು ಆ ವ್ಯಕ್ತಿಗೆ ನಾಳೆ ಇನ್ನೊಂದು ಪಾತ್ರದ ಮೂಲಕ ಬಂದುಬಿಡಬಹುದು, ನಿರಾಕರಿಸಿದ ಹಕ್ಕು ಯಾವ ಪಾತ್ರದ ಮೂಲಕವೂ ಬರುವುದಿಲ್ಲ.

ಡಿನೈ ಬಳಸುವಾಗ ಒಂದು ವಿಷಯದಲ್ಲಿ ಬಹಳ ಎಚ್ಚರ ಬೇಕು. ನಿಮ್ಮ ಆಡಳಿತ ಮಂಡಳಿಯ ನಿರ್ದೇಶಕರೂ ತೊಗರಿ ಬೆಳೆಯುವ ರೈತರೇ ಆಗಿರುತ್ತಾರೆ, ಆದ್ದರಿಂದ ಅವರ ನೋಡ್‌ಗೆ ‘ರೈತ’ ಮತ್ತು ‘ನಿರ್ದೇಶಕ’ ಎಂಬ ಎರಡು ಲೇಬಲ್‌ಗಳು ಇರಬಹುದು. ನಿರ್ದೇಶಕರ ವಿವರ ಗುಮಾಸ್ತರಿಗೆ ಬೇಡವೆಂದು ಆ ಲೇಬಲ್ಲಿನ ಮೇಲೆ ಟ್ರಾವರ್ಸನ್ನು ನಿರಾಕರಿಸಿದರೆ, ‘ರೈತ’ ಲೇಬಲ್ಲಿಗೆ ಹಕ್ಕು ಇದ್ದರೂ ಆ ನೋಡ್ ಪೂರ್ತಿ ಮರೆಯಾಗುತ್ತದೆ. ಗುಮಾಸ್ತರು ಒಟ್ಟು ರೈತರು ಎಷ್ಟೆಂದು ಕೇಳಿದರೆ ಕಡಿಮೆ ಸಂಖ್ಯೆ ಬರುತ್ತದೆ, ಯಾವ ದೋಷಸೂಚನೆಯೂ ಇಲ್ಲದೆ. ಅದೇ ಪ್ರಶ್ನೆಯನ್ನು ನೀವು ಕೇಳಿದರೆ ಬೇರೆ ಸಂಖ್ಯೆ. ಓದುವ ಹಕ್ಕಿಲ್ಲದ ವಿವರ ‘ನಲ್’ ಎಂದು, ಅಂದರೆ ಖಾಲಿ ಎಂದು ಬರುವುದರಿಂದ, ‘ಮೊಬೈಲ್ ಸಂಖ್ಯೆ ಇಲ್ಲದ ರೈತರ ಪಟ್ಟಿ ಕೊಡು’ ಎಂದರೆ ಸಂಖ್ಯೆ ಇರುವವರೂ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಇನ್ನೂ ದೊಡ್ಡ ತೊಂದರೆ ಬರೆಯುವಾಗ ಬರುತ್ತದೆ. ಇದ್ದರೆ ಬಳಸು, ಇಲ್ಲದಿದ್ದರೆ ಹೊಸದಾಗಿ ಮಾಡು ಎನ್ನುವ ‘ಮರ್ಜ್’ ಆಜ್ಞೆ ತನಗೆ ಕಾಣದ ನೋಡನ್ನು ಇಲ್ಲವೆಂದೇ ಭಾವಿಸಿ ಅದೇ ರೈತರಿಗೆ ಎರಡನೆಯ ನೋಡ್ ಹುಟ್ಟಿಸಬಹುದು. ರೈತರ ನೋಂದಣಿ ಸಂಖ್ಯೆಯ ಮೇಲೆ ಅನನ್ಯತೆಯ ನಿಬಂಧನೆ, ಅಂದರೆ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿದ್ದರೆ ಅಲ್ಲಿ ಬರವಣಿಗೆ ತಡೆದು ದೋಷಸೂಚನೆ ಬರುತ್ತದೆ. ನೀವು ಆವೃತ್ತಿ ಬದಲಿಸಿ, ಬಿಡಿ, ಆ ನಿಬಂಧನೆಯನ್ನು ಮಾತ್ರ ಈ ವಾರವೇ ಹಾಕಿಕೊಳ್ಳಿ.

ಹಾಗಾದರೆ ಎಂಟರ್‌ಪ್ರೈಸ್ ಕೊಳ್ಳಬೇಕೆ? ಐದು ಜನರ ಕಚೇರಿಗೆ, ಈ ಒಂದು ಕಾರಣಕ್ಕೆ, ಬೇಡ ಎಂಬುದು ನನ್ನ ಸಲಹೆ. ಕಮ್ಯುನಿಟಿ ಆವೃತ್ತಿಯ ಮಿತಿಯನ್ನು ಸ್ಪಷ್ಟವಾಗಿ ತಿಳಿದುಕೊಂಡರೆ ಅದರ ಜೊತೆ ಬಾಳುವ ದಾರಿಗಳಿವೆ. ಆ ಆವೃತ್ತಿಯಲ್ಲಿ ಬೇರೆ ಬೇರೆ ಬಳಕೆದಾರರನ್ನು ಮಾಡಬಹುದು, ಪಾತ್ರಗಳು ಮಾತ್ರ ಇಲ್ಲ. ಒಳಗೆ ಬಂದವರೆಲ್ಲರಿಗೂ ಆಡಳಿತಗಾರರಷ್ಟೇ ಹಕ್ಕು ಇರುತ್ತದೆ. ಆದ್ದರಿಂದ ಗುಮಾಸ್ತರಿಗೆ ಬೇರೊಂದು ಹೆಸರು, ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ಸಾಲ ಮರೆಯಾಗುವುದಿಲ್ಲ. ಅವರನ್ನು ಡೇಟಾಬೇಸಿನ ಬಾಗಿಲಿಗೆ ಬಿಡದಿರುವುದೇ ದಾರಿ. ಚೀಲ ದಾಖಲಿಸುವುದು, ಗೋದಾಮಿನ ದಾಸ್ತಾನು ನೋಡುವುದು, ಮಿಲ್‌ಗೆ ಕಳಿಸಿದ ಲೆಕ್ಕ ತೆಗೆಯುವುದು ಎಂಬ ಅವರ ನಾಲ್ಕೈದು ಕೆಲಸಗಳಿಗೆ ಒಂದು ಸಣ್ಣ ವೆಬ್ ಪುಟವನ್ನು ಮಾಡಿಸಿ. ಯಾರು ಒಳಬಂದರು, ಅವರಿಗೆ ಯಾವ ಪುಟ ಎಂಬುದನ್ನು ಆ ಪುಟದ ಹಿಂದಿನ ಪ್ರೋಗ್ರಾಂ ನೋಡಿಕೊಳ್ಳಲಿ. ಡೇಟಾಬೇಸಿನ ಪಾಸ್‌ವರ್ಡ್ ಆ ಪ್ರೋಗ್ರಾಂಗೆ ಮತ್ತು ನಿಮಗೆ ಮಾತ್ರ ಗೊತ್ತಿರಲಿ. ಶಹಾಪುರದಲ್ಲಾಗಲಿ, ಯಾದಗಿರಿಯಲ್ಲಾಗಲಿ, ಎಂಜಿನಿಯರಿಂಗ್ ಮುಗಿಸಿದ ಯುವಕರೊಬ್ಬರು ಇದನ್ನು ಕೆಲವು ವಾರಗಳಲ್ಲಿ ಮಾಡಿಕೊಡಬಲ್ಲರು.

ಅದರ ಜೊತೆಗೆ ಬಾಗಿಲನ್ನೂ ಮುಚ್ಚಬೇಕು. ನಿಯೋ4ಜೆ ಬೋಲ್ಟ್ ಎಂಬ ವಿಧಾನದಲ್ಲಿ 7687ನೇ ಪೋರ್ಟಿನಲ್ಲೂ ಬ್ರೌಸರಿಗಾಗಿ 7474ನೇ ಪೋರ್ಟಿನಲ್ಲೂ ಮಾತಾಡುತ್ತದೆ. ಹೊಸದಾಗಿ ಹಾಕಿದಾಗ ಅದು ತಾನಿರುವ ಕಂಪ್ಯೂಟರಿನಿಂದ ಬಂದ ಕರೆಗೆ ಮಾತ್ರ ಓಗೊಡುತ್ತದೆ. ಆದರೆ ಪಕ್ಕದ ಮೇಜಿನಿಂದ ಕಾಣಲಿ ಎಂದು ಯಾರೋ ಒಮ್ಮೆ ಸಂರಚನಾ ಕಡತದಲ್ಲಿ ಕೇಳುವ ವಿಳಾಸವನ್ನು ನಾಲ್ಕು ಸೊನ್ನೆಗಳಿಗೆ (0.0.0.0), ಅಂದರೆ ಬೇರೆ ಕಂಪ್ಯೂಟರುಗಳ ಕರೆಗೂ ಓಗೊಡುವಂತೆ, ಬದಲಿಸಿರುತ್ತಾರೆ, ಆಮೇಲೆ ಅದನ್ನು ಮರೆತುಬಿಡುತ್ತಾರೆ. ನಿಮ್ಮಲ್ಲಿ ಐದು ಜನ ಒಟ್ಟಿಗೆ ಬಳಸುತ್ತಿರುವುದರಿಂದ ಹೀಗೆಯೇ ಆಗಿರಬೇಕು. ವೆಬ್ ಪುಟ ಸಿದ್ಧವಾದ ದಿನ ಅದನ್ನು ಮೊದಲಿನ ಸ್ಥಿತಿಗೆ ತನ್ನಿ. ಪಾಸ್‌ವರ್ಡ್ ಮರೆತಾಗ ದೃಢೀಕರಣವನ್ನೇ, ಅಂದರೆ ಪಾಸ್‌ವರ್ಡ್ ಕೇಳುವುದನ್ನೇ, ತಾತ್ಕಾಲಿಕವಾಗಿ ಆರಿಸುವ ಉಪಾಯವೊಂದಿದೆ. ಅದನ್ನು ಬಳಸುವ ಪ್ರಸಂಗ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಕೆಲಸ ಮುಗಿದ ಕೂಡಲೇ ದೃಢೀಕರಣವನ್ನು ಮತ್ತೆ ಆನ್ ಮಾಡಿ ಸೇವೆಯನ್ನು ಮರುಪ್ರಾರಂಭಿಸಿ; ಆ ನಡುವಿನ ಹೊತ್ತಿನಲ್ಲಿ ಬಾಗಿಲಿಗೆ ಚಿಲಕವೇ ಇರುವುದಿಲ್ಲ.

ಸಾಲದ ಲೆಕ್ಕವನ್ನು ಗ್ರಾಫ್‌ನಿಂದಲೇ ಹೊರಗೆ ತೆಗೆದಿಡಬಹುದು ಎಂಬುದು ಎರಡನೆಯ ದಾರಿ, ನನಗೆ ಹೆಚ್ಚು ಹಿಡಿಸಿದ ದಾರಿಯೂ ಹೌದು. ಗ್ರಾಫ್‌ನಿಂದ ನಿಮಗೆ ಸಿಗುವ ನಿಜವಾದ ಪ್ರಯೋಜನ ಯಾವುದು ಎಂದು ಯೋಚಿಸಿ ನೋಡಿ. ಒಂದು ಹೊಲದಲ್ಲಿ ನೆಟೆ ರೋಗ ಕಂಡರೆ, ಅಲ್ಲಿಗೆ ಹೋದ ಬೀಜದ ಲಾಟ್ ಯಾವುದು, ಅದೇ ಲಾಟ್ ಇನ್ನು ಯಾರ ಯಾರ ಹೊಲಕ್ಕೆ ಹೋಗಿದೆ, ಆ ಸರ್ವೆ ನಂಬರಿನಲ್ಲಿ ಹಿಂದಿನ ವರ್ಷವೂ ತೊಗರಿಯೇ ಇತ್ತೆ, ನೆಟೆ ತಡೆಯುವ ಟಿಎಸ್-3ಆರ್ ತಳಿಯನ್ನು ಹಾಕಿದ ಪಕ್ಕದ ಹೊಲ ಹೇಗಿದೆ ಎಂದು ಒಂದರಿಂದೊಂದಕ್ಕೆ ದಾಟುತ್ತ ಹೋಗುವುದು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದ ರೋಗಕ್ಕೆ ಈ ಹಿಂದುಮುಂದಿನ ಚಿತ್ರ ಬಹಳ ಮುಖ್ಯ. ಹಾಗೆಯೇ, ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದ ಮೇಲೆ ಬೇಳೆ ಯಾವ ಹೊಲದ್ದು ಎಂದು ತೋರಿಸಬಲ್ಲವರಿಗೆ ಬೆಲೆ ಹೆಚ್ಚಿದೆ. ಈ ಯಾವ ಪ್ರಶ್ನೆಗೂ ಸಾಲದ ಲೆಕ್ಕ ಬೇಕಾಗಿಲ್ಲ. ಅದು ನೇರವಾದ ಜಮಾಖರ್ಚು. ಪೋಸ್ಟ್‌ಗ್ರೆಸ್‌ನಂಥ ಉಚಿತ ಕೋಷ್ಟಕ ಡೇಟಾಬೇಸಿನಲ್ಲಿ ಅದಕ್ಕೆ ಹೆಚ್ಚು ಒಳ್ಳೆಯ ಜಾಗವಿದೆ, ಅಲ್ಲಿ ಬಳಕೆದಾರರ ಹಕ್ಕುಗಳನ್ನು ಕೋಷ್ಟಕವಾರು ಹಂಚುವ ವ್ಯವಸ್ಥೆಯೂ ಇದೆ. ಎರಡರ ನಡುವೆ ರೈತರ ನೋಂದಣಿ ಸಂಖ್ಯೆಯೊಂದೇ ಕೊಂಡಿಯಾಗಿರಲಿ. ಹೀಗೆ ಮಾಡಿದರೆ ಗ್ರಾಫ್‌ನ ಬ್ಯಾಕಪ್ ಕಳೆದುಹೋದರೂ ರೈತರ ಸಾಲ ಬೀದಿಗೆ ಬರುವುದಿಲ್ಲ, ಮುಚ್ಚಬೇಕಾದ ಕಡತವೂ ಚಿಕ್ಕದಾಗುತ್ತದೆ. ಈ ಸಂದರ್ಭದಲ್ಲಿಯೇ ಆಧಾರ್ ಸಂಖ್ಯೆಗಳನ್ನು ಗ್ರಾಫ್‌ನಲ್ಲಿ ಬರೆದಿಟ್ಟಿದ್ದರೆ ದಯವಿಟ್ಟು ತೆಗೆದುಹಾಕಿ. ಗುರುತಿಗೆ ಬೇಕಾದರೆ ಕೊನೆಯ ನಾಲ್ಕು ಅಂಕಿ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಮುಂದೆ ನಿಮ್ಮಂಥ ಹಲವು ಸಂಸ್ಥೆಗಳು ಸೇರಿ ಒಂದು ಒಕ್ಕೂಟವಾದರೆ ಎಂಟರ್‌ಪ್ರೈಸ್‌ನ ಪ್ರಶ್ನೆ ಮತ್ತೆ ಬರುತ್ತದೆ. ಆಗ ಅದರಲ್ಲಿ ಮೊದಲೇ ಇರುವ ಪಾತ್ರಗಳನ್ನು ತಿಳಿದಿರಬೇಕು. ‘ರೀಡರ್’ ಬರೀ ಓದುತ್ತದೆ. ‘ಎಡಿಟರ್’ ಬರೆಯುತ್ತದೆ, ಆದರೆ ಹೊಸ ಲೇಬಲ್ಲನ್ನಾಗಲಿ ಹೊಸ ಬಗೆಯ ಸಂಬಂಧವನ್ನಾಗಲಿ ಹುಟ್ಟಿಸಲಾರದು. ದಿನನಿತ್ಯದ ನಮೂದಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಏಕೆಂದರೆ ‘ಗೋದಾಮು’ ಎಂಬುದನ್ನು ಒಬ್ಬರು ‘ಗೋಡೌನ್’ ಎಂದು ಬರೆದು ಹೊಸ ಲೇಬಲ್ ಹುಟ್ಟಿಸುವ ಅಪಾಯ ಇದರಲ್ಲಿ ಇಲ್ಲ. ‘ಪಬ್ಲಿಷರ್’ ಅದನ್ನೂ ಮಾಡಬಲ್ಲದು, ‘ಆರ್ಕಿಟೆಕ್ಟ್’ ಇಂಡೆಕ್ಸ್ ಮತ್ತು ನಿಬಂಧನೆಗಳನ್ನು ನೋಡಿಕೊಳ್ಳುತ್ತದೆ, ‘ಅಡ್ಮಿನ್’ ಎಲ್ಲವನ್ನೂ. ಇವುಗಳಲ್ಲದೆ ‘ಪಬ್ಲಿಕ್’ ಎಂಬ ಪಾತ್ರ ಪ್ರತಿಯೊಬ್ಬ ಬಳಕೆದಾರರಿಗೂ ತಾನಾಗಿಯೇ ಅಂಟಿಕೊಂಡಿರುತ್ತದೆ, ಪ್ರೊಸೀಜರ್‌ಗಳನ್ನು, ಅಂದರೆ ಮೊದಲೇ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳನ್ನು, ಓಡಿಸುವ ಹಕ್ಕು ಮೊದಲಿನಿಂದಲೇ ಅದರಲ್ಲಿರುತ್ತದೆ. ಯಾರಿಗೂ ಏನೂ ಕೊಟ್ಟಿಲ್ಲ ಎಂದುಕೊಂಡವರು ಇದನ್ನು ಮರೆತಿರುತ್ತಾರೆ. ಎಪಾಕ್ ಎಂಬ ಹೆಚ್ಚುವರಿ ಪ್ರೊಸೀಜರ್‌ಗಳ ಸಂಗ್ರಹದಲ್ಲಿ ಗ್ರಾಫನ್ನು ಕಡತವಾಗಿ ಹೊರಗೆ ಬರೆಯುವ ಸೌಲಭ್ಯವಿದ್ದು, ಸಂರಚನೆಯಲ್ಲಿ ತೆರೆದರೆ ಮಾತ್ರ ಅದು ಕೆಲಸ ಮಾಡುತ್ತದೆ. ಅದನ್ನು ತೆರೆಯುವುದೆಂದರೆ ಯಾರೂ ಲೆಕ್ಕ ಇಡದ ಇನ್ನೊಂದು ಬ್ಯಾಕಪ್‌ಗೆ ದಾರಿ ಮಾಡಿಕೊಟ್ಟಂತೆ. ಈ ಎಲ್ಲವನ್ನೂ ಅಭ್ಯಾಸ ಮಾಡಲು ಹಣ ಕೊಡಬೇಕಾಗಿಲ್ಲ, ನಿಯೋ4ಜೆ ಡೆಸ್ಕ್‌ಟಾಪ್‌ನ ಜೊತೆ ಎಂಟರ್‌ಪ್ರೈಸ್ ಆವೃತ್ತಿಯ ಡೆವಲಪರ್ ಪರವಾನಗಿ ಬರುತ್ತದೆ. ಆದರೆ ಅದು ಕಲಿಕೆಗೆ ಮತ್ತು ತಯಾರಿಗೆ ಮಾತ್ರ, ಕಚೇರಿಯ ನಿತ್ಯದ ಕೆಲಸವನ್ನು ಅದರ ಮೇಲೆ ನಡೆಸುವಂತಿಲ್ಲ.

ಈಗ ಬ್ಯಾಕಪ್‌ನ ಸರಿಯಾದ ವಿಧಾನ. ಕಮ್ಯುನಿಟಿ ಆವೃತ್ತಿಯಲ್ಲಿ ಓಡುತ್ತಿರುವಾಗಲೇ ಬ್ಯಾಕಪ್ ತೆಗೆಯುವ ಸೌಲಭ್ಯವಿಲ್ಲ, ಅದು ಎಂಟರ್‌ಪ್ರೈಸ್‌ಗೆ ಮೀಸಲು. ನಿಮಗಿರುವುದು ಡಂಪ್. ಕಚೇರಿ ಮುಚ್ಚಿದ ಮೇಲೆ ಸೇವೆಯನ್ನು ನಿಲ್ಲಿಸಬೇಕು, ನಿಯೋ4ಜೆ-ಅಡ್ಮಿನ್ ಎಂಬ ಸಾಧನದ ಡೇಟಾಬೇಸ್ ಡಂಪ್ ಆಜ್ಞೆಯನ್ನು ಕೊಡಬೇಕು, ಕುಗ್ಗಿಸಿದ ಒಂದೇ ಕಡತ ಸಿದ್ಧವಾದ ಮೇಲೆ ಸೇವೆಯನ್ನು ಮತ್ತೆ ಪ್ರಾರಂಭಿಸಬೇಕು. ಈ ಮೂರು ಹೆಜ್ಜೆಗಳನ್ನು ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲಿ ಬರೆದು ರಾತ್ರಿ ನಿಗದಿತ ಹೊತ್ತಿಗೆ ತಾನಾಗಿ ಓಡುವಂತೆ ಮಾಡಿದರೆ ಯಾರ ನೆನಪನ್ನೂ ಅವಲಂಬಿಸಬೇಕಾಗಿಲ್ಲ. ಕಡತದ ಹೆಸರಿನಲ್ಲಿ ದಿನಾಂಕದ ಜೊತೆಗೆ ನಿಯೋ4ಜೆಯ ಆವೃತ್ತಿ ಸಂಖ್ಯೆಯನ್ನೂ ಸೇರಿಸಿ. ಹಳೆಯ ಆವೃತ್ತಿಯ ಡಂಪನ್ನು ಹೊಸದಕ್ಕೆ ಏರಿಸಲು ದಾರಿಯಿದೆ, ಹೊಸದರ ಡಂಪ್ ಹಳೆಯದರಲ್ಲಿ ತೆರೆಯುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಾರದು.

ನಮ್ಮ ಭಾಗದ ಕರೆಂಟ್ ಪರಿಸ್ಥಿತಿ ಗೊತ್ತಿರುವುದರಿಂದ ಇನ್ನೊಂದು ಮಾತು. ಡೇಟಾಬೇಸ್ ಓಡುತ್ತಿರುವಾಗ ಕರೆಂಟ್ ಹೋದರೆ ಹೆದರಬೇಕಾಗಿಲ್ಲ, ಮತ್ತೆ ಶುರುವಾದಾಗ ಅದು ವಹಿವಾಟಿನ ಲಾಗ್ ಓದಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ಹಾಗೆ ದಿಢೀರನೆ ನಿಂತ ಡೇಟಾಬೇಸಿನಿಂದ ನೇರವಾಗಿ ಡಂಪ್ ತೆಗೆಯಲು ಹೋದರೆ, ಮೊದಲು ಚೇತರಿಸಿಕೊಳ್ಳಲು ಬಿಡಿ ಎಂದು ಹೇಳಿ ಆ ಆಜ್ಞೆ ನಿಂತುಬಿಡುತ್ತದೆ. ಒಮ್ಮೆ ಶುರು ಮಾಡಿ, ಕ್ರಮವಾಗಿ ನಿಲ್ಲಿಸಿ, ಆಮೇಲೆ ಡಂಪ್ ತೆಗೆಯಬೇಕು. ಸ್ಕ್ರಿಪ್ಟ್ ಬರೆಯುವವರಿಗೆ ಇದು ಗೊತ್ತಿಲ್ಲದಿದ್ದರೆ, ಕರೆಂಟ್ ಹೋದ ರಾತ್ರಿಗಳಲ್ಲೇ ಬ್ಯಾಕಪ್ ಇರುವುದಿಲ್ಲ. ಬೇಕಾಗುವುದೂ ಅಂಥ ರಾತ್ರಿಗಳದ್ದೇ. ಆದ್ದರಿಂದ ಡಂಪ್ ವಿಫಲವಾದರೆ ನಿಮ್ಮ ಮೊಬೈಲಿಗೆ ಒಂದು ಸಂದೇಶ ಬರುವಂತೆ ಮಾಡಿಸಿ, ಸರ್ವರ್‌ಗೆ ಅರ್ಧ ಗಂಟೆ ತಡೆಯುವ ಯುಪಿಎಸ್ ಇರಲಿ.

ಡಂಪ್‌ನಲ್ಲಿ ಏನು ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಬಳಕೆದಾರರು, ಪಾಸ್‌ವರ್ಡ್‌ಗಳು, ಎಂಟರ್‌ಪ್ರೈಸ್ ಆದರೆ ಪಾತ್ರಗಳು ಮತ್ತು ಹಕ್ಕುಗಳು, ಇವೆಲ್ಲ ‘ಸಿಸ್ಟಂ’ ಎಂಬ ಪ್ರತ್ಯೇಕ ಡೇಟಾಬೇಸಿನಲ್ಲಿರುತ್ತವೆ. ನಿಮ್ಮ ತೊಗರಿಯ ಗ್ರಾಫ್ ಒಂದನ್ನೇ ಡಂಪ್ ಮಾಡಿದರೆ ಅವು ಅದರೊಳಗೆ ಬರುವುದಿಲ್ಲ, ಆದ್ದರಿಂದ ಸಿಸ್ಟಂ ಡೇಟಾಬೇಸನ್ನೂ ಡಂಪ್ ಮಾಡಿಡಿ. ಎಂಟರ್‌ಪ್ರೈಸ್‌ನ ಬ್ಯಾಕಪ್ ಆಜ್ಞೆಯಲ್ಲಿ, ಯಾವ ಡೇಟಾಬೇಸಿನ ಬ್ಯಾಕಪ್ ತೆಗೆಯುತ್ತೀರೋ ಅದಕ್ಕೆ ಸಂಬಂಧಿಸಿದ ಬಳಕೆದಾರರು ಮತ್ತು ಪಾತ್ರಗಳನ್ನೂ ಸೇರಿಸಿಕೊಳ್ಳುವ ಆಯ್ಕೆಯಿದೆ. ಆದರೆ ಮರುಸ್ಥಾಪಿಸಿದ ಮೇಲೆ ಅದು ಕೊಡುವ ಸ್ಕ್ರಿಪ್ಟನ್ನು ಬೇರೆಯಾಗಿ ಓಡಿಸಿದಾಗ ಮಾತ್ರ ಹಕ್ಕುಗಳು ಮರಳಿ ಬರುತ್ತವೆ. ಸಂರಚನಾ ಕಡತ, ಪ್ಲಗಿನ್‌ಗಳು, ಭದ್ರತಾ ಪ್ರಮಾಣಪತ್ರಗಳು, ನಿಮ್ಮ ವೆಬ್ ಪುಟದ ಪ್ರೋಗ್ರಾಂ, ಇವು ಯಾವ ಡಂಪ್‌ನಲ್ಲೂ ಇರುವುದಿಲ್ಲ. ಅವುಗಳನ್ನು ಒಂದು ಫೋಲ್ಡರಿನಲ್ಲಿ ಸೇರಿಸಿ ಬದಲಾದಾಗಲೆಲ್ಲ ಜೊತೆಗೆ ಉಳಿಸಿ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ನಾನು ಗಡಿಯಾರ ನೋಡುವುದಿಲ್ಲ, ಬೆಳೆಯ ಕಾಲ ನೋಡುತ್ತೇನೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ರಾಶಿಯಾಗಿ ಚೀಲಗಳು ಗೋದಾಮಿಗೆ ಬರುವ ದಿನಗಳಲ್ಲಿ ಒಂದು ದಿನದ ನಮೂದು ಹೋದರೂ ಅದನ್ನು ತೂಕದ ಚೀಟಿಗಳಿಂದ ಮತ್ತೆ ಬರೆಯುವುದು ದೊಡ್ಡ ಕೆಲಸ, ಆದ್ದರಿಂದ ಪ್ರತಿ ರಾತ್ರಿ ಡಂಪ್ ಬೇಕು, ಸಾಧ್ಯವಾದರೆ ಮಧ್ಯಾಹ್ನದ ಊಟದ ಹೊತ್ತಿಗೂ ಒಂದು. ಜೂನ್-ಜುಲೈನ ಬಿತ್ತನೆಯಲ್ಲೂ ಹಾಗೆಯೇ, ಬೀಜದ ಲಾಟ್ ಯಾರಿಗೆ ಹೋಯಿತು ಎಂಬುದು ಒಮ್ಮೆ ತಪ್ಪಿದರೆ ಮತ್ತೆ ಯಾರೂ ಖಚಿತವಾಗಿ ಹೇಳಲಾರರು. ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ತೂಕದ ಚೀಟಿಗಳನ್ನು ಆಯಾ ದಿನದ ಕಟ್ಟಾಗಿ ಮುಂದಿನ ಬಿತ್ತನೆಯವರೆಗೆ ಇಟ್ಟುಕೊಳ್ಳಿ. ಹಳೆಯ ಡಂಪ್‌ಗಳನ್ನು ಅಳಿಸುವಾಗ ಕೊನೆಯ ಏಳು ದಿನಗಳದ್ದು, ನಾಲ್ಕು ವಾರಗಳದ್ದು, ಹನ್ನೆರಡು ತಿಂಗಳುಗಳದ್ದು ಒಂದೊಂದು ಉಳಿಯುವಂತೆ ನೋಡಿಕೊಳ್ಳಿ, ಏಕೆಂದರೆ ತಪ್ಪು ಅಳಿಸುವಿಕೆ ಎಷ್ಟೋ ಸಲ ತಿಂಗಳ ನಂತರ ಬೆಳಕಿಗೆ ಬರುತ್ತದೆ.

ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಖಾಲಿ ನಿಯೋ4ಜೆ ಹಾಕಿ, ಲೋಡ್ ಆಜ್ಞೆಯಿಂದ ಡಂಪನ್ನು ಒಳಗೆ ತಂದು, ಚೆಕ್ ಆಜ್ಞೆಯಿಂದ ಕಡತಗಳ ಸುಸಂಗತತೆಯನ್ನು ಪರೀಕ್ಷಿಸಿ. ಲಿನಕ್ಸ್ ಬಳಸುವವರು ಲೋಡ್ ಆಜ್ಞೆಯನ್ನು ನಿಯೋ4ಜೆಯ ಸೇವೆ ಯಾವ ಬಳಕೆದಾರರ ಹೆಸರಿನಲ್ಲಿ ಓಡುತ್ತದೋ ಅದೇ ಹೆಸರಿನಲ್ಲಿ ಕೊಡಬೇಕು. ರೂಟ್ ಎಂಬ ಮುಖ್ಯ ಆಡಳಿತಗಾರರ ಹೆಸರಿನಲ್ಲಿ ಕೊಟ್ಟರೆ ಕಡತಗಳ ಒಡೆತನ ರೂಟ್‌ಗೆ ಹೋಗಿ ಸೇವೆಗೆ ಅವುಗಳನ್ನು ತೆರೆಯಲು ಬರುವುದಿಲ್ಲ. ಗಾಬರಿಯ ಹೊತ್ತಿನಲ್ಲಿ, ಬ್ಯಾಕಪ್ಪೇ ಕೆಟ್ಟಿದೆ ಎಂದು ಅನೇಕರು ಕಂಗೆಡುವುದು ಇದೇ ಕಾರಣಕ್ಕೆ. ತೆರೆದ ಮೇಲೆ ಪ್ರತಿ ಲೇಬಲ್ಲಿನ ನೋಡ್‌ಗಳನ್ನೂ ಪ್ರತಿ ಬಗೆಯ ಸಂಬಂಧಗಳನ್ನೂ ಎಣಿಸಿ ಮೂಲದೊಂದಿಗೆ ಹೋಲಿಸಿ. ಅಷ್ಟಕ್ಕೇ ನಿಲ್ಲದೆ, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ರೈತರ ಹೊಲದಿಂದ ಮಿಲ್‌ವರೆಗಿನ ದಾರಿಯನ್ನು ಪೂರ್ತಿ ನಡೆದು ನೋಡಿ. ಎಣಿಕೆ ಸರಿಯಿದ್ದೂ ನಂಟು ತಪ್ಪಿರುವುದು ಗೊತ್ತಾಗುವುದು ಹೀಗೆ. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ, ಸುಗ್ಗಿಯ ನಡುವೆ ಡಿಸ್ಕ್ ಕೈಕೊಟ್ಟರೆ ಮಂಡಳಿಯವರು ಮೊದಲು ಕೇಳುವ ಪ್ರಶ್ನೆ ಅದೇ. ಪರೀಕ್ಷೆ ಮುಗಿದ ಕೂಡಲೇ ಆ ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿ.

ಪ್ರತಿಗಳನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಒಪ್ಪಿತವಾದ ರೂಢಿ ಒಟ್ಟು 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಊರಿನಲ್ಲಿ ಎಂಬುದು. ಸರ್ವರ್ ಮೊದಲನೆಯದು. ಎರಡನೆಯದು ಕಚೇರಿಯ ಬೀರುವಿನಲ್ಲಿರುವ ಹೊರ ಹಾರ್ಡ್ ಡಿಸ್ಕ್. ಕೆಲಸ ಮುಗಿದ ಮೇಲೆ ಅದರ ಕೇಬಲ್ ತೆಗೆದಿಡಬೇಕು, ಸದಾ ಜೋಡಿಸಿಟ್ಟ ಡಿಸ್ಕನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್ ಸರ್ವರ್ ಜೊತೆಯಲ್ಲೇ ಹಾಳುಮಾಡುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಗೋದಾಮಿನೊಳಗೆ ಇನ್ನೂ ಹೆಚ್ಚು, ಆದ್ದರಿಂದ ಡಿಸ್ಕನ್ನು ಅಲ್ಲಿ ಇಡಬೇಡಿ. ಮೂರನೆಯದು ಶಹಾಪುರದ ಹೊರಗೆ ಇರಲಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಎರಡು ಪ್ರತಿಗಳೂ ಒಂದೇ ಹೊಳೆಯ ದಂಡೆಯಲ್ಲಿರಬಾರದು.

ಸರ್ವರ್‌ನಿಂದ ಹೊರಗೆ ಹೋಗುವ ಪ್ರತಿ ಕಡತವೂ ಗೂಢಲಿಪಿಯಲ್ಲಿ ಇರಲೇಬೇಕು. ಡಂಪ್‌ಗೆ ತನ್ನದೇ ಪಾಸ್‌ವರ್ಡ್ ಇಲ್ಲ. ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಎಇಎಸ್-256 ಎಂಬ ಗೂಢಲಿಪಿ ವಿಧಾನವನ್ನು ಆರಿಸಿ, ಉದ್ದವಾದ ಗುಪ್ತಪದದಿಂದ ಮುಚ್ಚಿ. ಆ ಗುಪ್ತಪದವನ್ನು ಕಾಗದದ ಮೇಲೆ ಬರೆದು, ಎರಡು ಲಕೋಟೆಗಳಲ್ಲಿ ಮೊಹರು ಮಾಡಿ, ಒಂದನ್ನು ಅಧ್ಯಕ್ಷರ ಬಳಿ, ಇನ್ನೊಂದನ್ನು ಸಂಸ್ಥೆಯ ಬ್ಯಾಂಕ್ ಲಾಕರಿನಲ್ಲಿ ಇಡಿ, ಡಿಸ್ಕ್ ಇರುವ ಬೀರುವಿನಲ್ಲಿ ಮಾತ್ರ ಇಡಬೇಡಿ. ಗುಪ್ತಪದ ಕಳೆದರೆ ಬ್ಯಾಕಪ್ ಕಳೆದಂತೆಯೇ, ಅದನ್ನು ಬಿಡಿಸಿಕೊಡುವವರು ಯಾರೂ ಸಿಗುವುದಿಲ್ಲ. ಬ್ಯಾಕಪ್ ತೆಗೆಯುವ ಹೊಣೆಯನ್ನು ಇಬ್ಬರ ಹೆಸರಿಗೆ ಮಂಡಳಿಯ ನಿರ್ಣಯದಲ್ಲಿ ಬರೆಸಿ, ಅವರಲ್ಲಿ ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಡೇಟಾಬೇಸಿನ ಪಾಸ್‌ವರ್ಡನ್ನೂ ಮುಂದಿನ ಡಂಪ್‌ಗಳ ಗುಪ್ತಪದವನ್ನೂ ಬದಲಿಸಿ.

ಕೊನೆಗೆ, ಎರಡು ವರ್ಷಗಳಿಂದ ತುಂಬಿಸಿದ ಆ ಪೆನ್‌ಡ್ರೈವ್‌ಗಳು. ಎಷ್ಟು ಇದ್ದವು, ಯಾರ ಯಾರ ಮನೆಯಲ್ಲಿವೆ ಎಂದು ಇಂದೇ ಪಟ್ಟಿ ಮಾಡಿ ಎಲ್ಲವನ್ನೂ ಕಚೇರಿಗೆ ತರಿಸಿ. ಹೊಸ ಡಂಪ್ ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆದುಕೊಂಡದ್ದನ್ನು ಕಣ್ಣಾರೆ ಕಾಣುವವರೆಗೆ ಅವುಗಳಲ್ಲಿ ಇತ್ತೀಚಿನ ಒಂದೆರಡನ್ನು ಬೀರುವಿನಲ್ಲಿ ಇಟ್ಟುಕೊಂಡಿರಿ. ಆಮೇಲೆ ಒಂದನ್ನೂ ಉಳಿಸಬೇಡಿ. ಡಿಲೀಟ್ ಮಾಡಿದರೂ ಸಾಮಾನ್ಯ ಫಾರ್ಮ್ಯಾಟ್ ಮಾಡಿದರೂ ಒಳಗಿನ ಡೇಟಾವನ್ನು ಮತ್ತೆ ಎತ್ತಬಹುದು, ಹಾಗಾಗಿ ಮಕ್ಕಳಿಗೆ ಹಾಡು ತುಂಬಿಕೊಳ್ಳಲು ಕೊಡಬೇಡಿ, ಅಂಗಡಿಯಲ್ಲಿ ಬದಲಿಗೆ ಕೊಡಬೇಡಿ. ಇಬ್ಬರು ನಿರ್ದೇಶಕರ ಎದುರಿನಲ್ಲಿ ಒಳಗಿನ ಚಿಪ್ ಪುಡಿಯಾಗುವಂತೆ ಸುತ್ತಿಗೆಯಿಂದ ಒಡೆಸಿ, ಎಷ್ಟು ಒಡೆದಿರಿ ಎಂಬ ಸಂಖ್ಯೆಯನ್ನು ಮೊದಲು ಮಾಡಿದ ಪಟ್ಟಿಯ ಜೊತೆ ತಾಳೆ ನೋಡಿ ಅವರ ಸಹಿ ಮಾಡಿಸಿಕೊಳ್ಳಿ.